ದಾಟುವವರ ಲೆಕ್ಕ

ಹೊಸದಾಗಿ ಮಾಡಲಿರುವ ರಸ್ತೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಆ ಬೀದಿಯ ನಾಲ್ಕು ಜನರನ್ನು ಕರೆದು ನೋಡಿ. ಎಲ್ಲರೂ ಮೊದಲು ಹುಡುಕುವುದು ತಂತಮ್ಮ ಮನೆಯನ್ನೇ. ಬೆರಳು ಅಲ್ಲಿಂದ ಹೊರಟು ಬಸ್ ಸ್ಟಾಪಿನತ್ತ ಸಾಗುತ್ತದೆ, ಒಂದು ಕಡೆ ತಟ್ಟನೆ ನಿಲ್ಲುತ್ತದೆ. "ಇಲ್ಲಿ ದಾಟೋದೇ ಕಷ್ಟ ನೋಡಿ." ನಕ್ಷೆ ಬರೆದ ಎಂಜಿನಿಯರಿಗೆ ಅಲ್ಲಿ ಕಾಣುವುದು ಎರಡು ಗೆರೆ. ಬೆರಳಿಟ್ಟವರಿಗೆ ಮಾತ್ರ ಗೊತ್ತು, ತಿರುವಿನಲ್ಲಿ ನಿಂತ ವ್ಯಾನಿನ ಮರೆಯಿಂದ ಬೈಕು ಹೇಗೆ ನುಗ್ಗುತ್ತದೆ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ, ಯಾವ ಕಂಬದ ದೀಪ ಉರಿಯುವುದೇ ಇಲ್ಲ ಎಂದು.

ಸಿಗ್ನಲ್ಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಪಾದಚಾರಿಗೆ ಎಷ್ಟು ಹೊತ್ತು ಕೊಡಬೇಕೆಂದು ಗುಣಿಸುವಾಗ ಮನುಷ್ಯ ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾನೆಂದು ಹಿಡಿಯುವುದು ಹಳೆಯ ರೂಢಿ. 12 ಮೀಟರ್ ಅಗಲದ ರಸ್ತೆಗೆ 10 ಸೆಕೆಂಡು. ಮಂಡಿನೋವಿನ ಅಜ್ಜಿ ಸೆಕೆಂಡಿಗೆ 0.8 ಮೀಟರಿನಂತೆ ಹೆಜ್ಜೆ ಹಾಕಿದರೆ, ಆ ಹೊತ್ತು ಮುಗಿಯುವಾಗ ಅವರಿಗಿನ್ನೂ 4 ಮೀಟರ್ ಬಾಕಿ. ಹಿಂದೆ ಹಾರ್ನುಗಳ ಮೇಳ. ಆ 1.2 ಮೀಟರಿನ ಮನುಷ್ಯನನ್ನು ಒಮ್ಮೆ ನೋಡಬೇಕೆಂಬ ಆಸೆ ನನಗೆ. ಕೈಯಲ್ಲಿ ಚೀಲವಿಲ್ಲ, ಸೊಂಟದ ಮೇಲೆ ಮಗುವಿಲ್ಲ, ಚಪ್ಪಲಿಯೂ ಕಿತ್ತಿಲ್ಲ, ಪುಣ್ಯವಂತ!

ರಸ್ತೆ ಹೇಗಿರಬೇಕೆಂದು ಜನರನ್ನು ಕೇಳುವುದರಲ್ಲೂ ತರಾವರಿ ಇದೆ. 1969ರಲ್ಲಿ ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ ಎಂಬಾಕೆ ಜನರ ಪಾಲ್ಗೊಳ್ಳುವಿಕೆಗೆ 8 ಮೆಟ್ಟಿಲಿನ ಏಣಿಯನ್ನೇ ಹಾಕಿಕೊಟ್ಟರು. ತಳದಲ್ಲಿ ಮಂಕುಬೂದಿ, ತುದಿಯಲ್ಲಿ ಜನರ ಕೈಗೇ ಅಧಿಕಾರ. ಟೆಂಡರ್ ಕರೆದಾದ ಮೇಲೆ ನಡೆಯುವ 'ಅಭಿಪ್ರಾಯ ಸಂಗ್ರಹ' ಎಷ್ಟನೇ ಮೆಟ್ಟಿಲೋ ನೀವೇ ಹೇಳಿ. ಅಂಥ ಸಭೆಗೆ ತಪ್ಪದೆ ಬರುವವರು ಕಾರು ನಿಲ್ಲಿಸುವ ಜಾಗ ಕೈತಪ್ಪೀತೆಂಬ ಭಯದವರು. ಸೈಕಲ್ ತುಳಿಯುವ ಹುಡುಗಿಗೆ ಆ ಹೊತ್ತಿಗೆ ಶಾಲೆ, ಅಜ್ಜಿಗೆ ಆ ಸಭಾಂಗಣಕ್ಕೆ ಹೋಗಲು ಅದೇ ರಸ್ತೆ ದಾಟಬೇಕು. ಹಾಗಾಗಿ ಸಭೆಯೇ ರಸ್ತೆಗೆ ಬರಲಿ, ಅಧಿಕಾರಿಗಳು ಅಜ್ಜಿಯ ಪಕ್ಕದಲ್ಲಿ ಅಜ್ಜಿಯ ವೇಗದಲ್ಲೇ ನಡೆಯಲಿ.

ಸೈಕಲ್ಲಿಗೆ ಹೆಸರಾದ ನೆದರ್ಲೆಂಡ್ಸ್ ಕೂಡ ಹುಟ್ಟಿನಿಂದ ಹಾಗಿರಲಿಲ್ಲ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ 400ಕ್ಕೂ ಹೆಚ್ಚು ಮಕ್ಕಳು ಸತ್ತರು. 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಹೆತ್ತವರು ಬೀದಿಗಿಳಿದರು. ಆಮ್‌ಸ್ಟರ್‌ಡ್ಯಾಮಿನ ಡೆ ಪೈಪ್ ಬಡಾವಣೆಯಲ್ಲಿ ಮಕ್ಕಳೇ ಬೀದಿಗೆ ಅಡ್ಡ ನಿಂತು ಆಡಲು ಜಾಗ ಕೇಳಿದರು. ಕಾರುಗಳೂ ನಡೆಯುವವರ ವೇಗಕ್ಕೆ ಇಳಿಯಬೇಕಾದ ವಸತಿ ಬೀದಿಗಳಿಗೆ 1976ರಲ್ಲಿ ಅಲ್ಲಿ ಕಾನೂನಿನ ಮಾನ್ಯತೆಯೂ ಸಿಕ್ಕಿತು.

ಎಲ್ಲದಕ್ಕೂ ಇಷ್ಟು ದೊಡ್ಡ ಹೋರಾಟ ಬೇಕೆಂದೇನಿಲ್ಲ. ಕಾಂಕ್ರೀಟ್ ಸುರಿಯುವ ಮೊದಲು ಹೊಸ ನಕ್ಷೆಯಂತೆ ರಸ್ತೆಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದು, ನಾಲ್ಕು ಹೂಕುಂಡ ಇಟ್ಟು ಕೆಲವು ದಿನ ನೋಡಬಹುದು. ಸುಣ್ಣ ಅಳಿಸುತ್ತದೆ, ಕುಂಡ ಸರಿಯುತ್ತದೆ. ಮೊದಲ ದಿನ ಬೇಡವೇ ಬೇಡ ಎಂದು ಕೂಗಾಡಿದವರೇ ಆಮೇಲೆ ಬಂದು, "ಆ ಕುಂಡ ಒಂದಡಿ ಈಚೆಗಿರಲಿ ಮಾರಾಯ್ರೆ, ಆಂಬುಲೆನ್ಸ್ ತಿರುಗಬೇಡವೇ?" ಎನ್ನುತ್ತಾರೆ. ಸರಿಸಿಬಿಡಿ, ಅವರು ಹೇಳಿದ್ದು ಸರಿಯಾಗಿಯೇ ಇದೆ.