ಅವ್ವನ ಮೊಣಕಾಲು, ನನ್ನ ಸಹಿ

ಅವ್ವನ ಬಲ ಮೊಣಕಾಲಿನ ಆಪರೇಷನ್ ಆಗಿ ಮೂರು ತಿಂಗಳಾಯಿತು. ಕಾಲು ಚಲೋ ಐತಿ. ಡಾಕ್ಟರ ಕೈಗುಣದ ಬಗ್ಗೆ ನನ್ನದೇನೂ ತಕರಾರಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಾಮೆಂಟಿನಲ್ಲಿ ಜಗಳ ಶುರುವಾಗುತ್ತದೆ.

ತಾಳಿಕೋಟಿ ಕಡೆಯ ನಮ್ಮೂರಿಂದ ವಿಜಯಪುರಕ್ಕೆ ಹೊರಡುವ ಮುಂಚೆ ನಾನು ಭಾಳ ಶಾಣ್ಯಾನಂಗ ತಯಾರಾಗಿದ್ದೆ. 2017ರಲ್ಲಿ ಕೇಂದ್ರ ಸರ್ಕಾರ ಮೊಣಕಾಲಿನ ಇಂಪ್ಲಾಂಟ್ (ಸವೆದ ಕೀಲಿನ ಜಾಗಕ್ಕೆ ಕೂಡಿಸುವ ಕೃತಕ ಕೀಲು) ಬೆಲೆಗೆ ಮಿತಿ ಹಾಕಿದ್ದು ಗೊತ್ತಿತ್ತು. ಮೂರು ದವಾಖಾನೆ ತಿರುಗಿ ಪ್ಯಾಕೇಜ್ ಕೇಳಿದೆ, ರೂಮ್ ಬಾಡಿಗೆ ಕೇಳಿದೆ, ಚೌಕಾಶಿಯನ್ನೂ ಮಾಡಿದೆ. ಕಾಲು ಯಾರದೋ ಅವರನ್ನು ಮಾತ್ರ ಏನೂ ಕೇಳಲಿಲ್ಲ. ಡಾಕ್ಟರೂ ನನ್ನ ಮುಖ ನೋಡಿಯೇ ಮಾತಾಡಿದರು. ಅವ್ವ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು.

ಆಪರೇಷನ್ನಿನ ಹಿಂದಿನ ರಾತ್ರಿ ಸಿಸ್ಟರ್ ನಾಲ್ಕು ಇಂಗ್ಲಿಷ್ ಒಪ್ಪಿಗೆ ಹಾಳೆ ತಂದು "ಇಲ್ಲೊಂದು, ಇಲ್ಲೊಂದು ಸೈನ್ ಮಾಡ್ರಿ ಅಣ್ಣಾರ" ಅಂದರು. ಮಾಡಿದೆ. ಎರಡು ಮಾರು ದೂರದಲ್ಲಿ ಅವ್ವ ಎಚ್ಚರವಾಗಿಯೇ ಇದ್ದಳು. ಅವಳಿಗೆ ಸಹಿ ಬರುತ್ತದೆ, ಸ್ವಸಹಾಯ ಸಂಘದ ಪುಸ್ತಕಕ್ಕೆ ವಾರವಾರ ಹಾಕುತ್ತಾಳೆ. ಪ್ರಾಯಕ್ಕೆ ಬಂದ, ತಿಳಿವಳಿಕೆ ಇರುವ ರೋಗಿಯ ಬದಲು ಮನೆಯವರು ಕೊಟ್ಟ ಒಪ್ಪಿಗೆ, ತುರ್ತು ಇಲ್ಲದಿದ್ದರೆ, ಒಪ್ಪಿಗೆಯೇ ಅಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ತೀರ್ಪು ಕೊಟ್ಟಿದೆ. ಆ ಪ್ರಕರಣದಲ್ಲಿ ಒಪ್ಪಿಗೆ ಕೊಟ್ಟವರು ರೋಗಿಯ ತಾಯಿ. ನಮ್ಮದರಲ್ಲಿ ಮಗ. ನಾನು ಇದನ್ನು ಓದಿದ್ದು ಎಲ್ಲ ಮುಗಿದ ಮೇಲೆ.

"ರಾತ್ರಿ ಹನ್ನೆರಡರ ಮ್ಯಾಲ ಹನಿ ನೀರೂ ಬ್ಯಾಡ" ಅಂದಿದ್ದರು. ಪಾಳಿ ಬಂದದ್ದು ಮರುದಿನ ಮಧ್ಯಾಹ್ನ ಮೂರಕ್ಕೆ. ಮೇ ತಿಂಗಳ ವಿಜಯಪುರ, 15 ತಾಸು! ಒದ್ದೆ ಅರಿವಿಯಿಂದ ತುಟಿ ಒರೆಸಿದೆ, ಅಷ್ಟೇ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಬಾರದೆಂದು ಈ ಉಪವಾಸ, ಅದು ಬೇಕೇ ಬೇಕು. ಆದರೆ ಅರಿವಳಿಕೆ ತಜ್ಞರ ಮಾರ್ಗಸೂಚಿಗಳಲ್ಲೇ ಊಟಕ್ಕೆ 6 ತಾಸು, ಬರೀ ನೀರಿಗೆ 2 ತಾಸು ಎಂದಿದೆ. ಹಾಲು ಹಾಕದ ಚಾ ಕೂಡ ನೀರಿನ ಲೆಕ್ಕವೇ. (ಶುಗರ್ ಇದ್ದವರಿಗೆ, ಬೇರೆ ತ್ರಾಸು ಇದ್ದವರಿಗೆ ಲೆಕ್ಕ ಬೇರೆ ಆಗಬಹುದು. ನನ್ನ ಪೋಸ್ಟ್ ನಂಬಿ ಕುಡಿಯಬೇಡಿ, ಕೇಳಿ ಕುಡಿಯಿರಿ.) ಪಾಳಿ ಮುಂದೆ ಹೋಯಿತೆಂದು ಹತ್ತು ಗಂಟೆಗೇ ಗೊತ್ತಿತ್ತು. ಒಂದು ಲೋಟ ನೀರು ಕೊಡಬಹುದಾ ಎಂದು ಯಾರೂ ಯೋಚಿಸಲಿಲ್ಲ, ನನ್ನನ್ನೂ ಸೇರಿಸಿ.

ಬೆನ್ನಿಗೆ ಸೂಜಿ ಹಾಕಿದ್ದರಿಂದ ಸೊಂಟದ ಕೆಳಗೆ ಮಾತ್ರ ಜೋಮು. ಕಿವಿ ಪೂರಾ ಎಚ್ಚರ. ಎಲುಬು ಕೊಯ್ಯುವ ಗರಗಸ, ಇಂಪ್ಲಾಂಟ್ ಕೂಡಿಸುವ ಸುತ್ತಿಗೆ, ಎಲ್ಲ ಕೇಳಿಸಿದೆ. "ಬಡಗ್ಯಾನ ಮನ್ಯಾಗ ಮಲಗಿಸಿದಂಗಾತು. ನನ್ನ ಕಾಲ ಮುರದು ಕಟಗಿ ಕಾಲ ಹಚ್ಚಾಕತ್ತಾರಂತ ತಿಳಕೊಂಡ್ನೆಪಾ" ಎಂದು ಈಗ ನಗುತ್ತಾಳೆ. ಆವತ್ತು ನಕ್ಕಿರಲಿಲ್ಲ. ಒಳಗೊಬ್ಬ ಸಿಸ್ಟರ್ ಅವಳ ಕೈ ಹಿಡಿದು "ಆಯಿ, ಇನ್ನ ಸ್ವಲ್ಪ ಐತಿ" ಅಂತ ಆಗಾಗ ಹೇಳುತ್ತಿದ್ದಳಂತೆ. ಬಿಲ್ಲಿನಲ್ಲಿ ಲೆಕ್ಕಕ್ಕಿಲ್ಲದ ಆ ಕೈಯನ್ನೇ ಅವ್ವ ಇವತ್ತಿಗೂ ನೆನೆಯುವುದು.

ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಡಿಸ್ಚಾರ್ಜ್ ದಿನ ಫಿಸಿಯೋದವರು ಹೊರಡುವ ಅವಸರದಲ್ಲಿ ಹೇಳಿದರು: "ಕೆಳಗ ಕೂಡಬ್ಯಾಡ್ರಿ, ಚಕ್ಕಳಮಕ್ಕಳ ಹಾಕಬ್ಯಾಡ್ರಿ." ಅವ್ವ ನನ್ನ ಕಡೆ ನೋಡಿದಳು. "ಹಂಗಾರ ರೊಟ್ಟಿ?"

ಐವತ್ತು ವರ್ಷ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿದವಳು. ಮೊಣಕಾಲು ನೆಟ್ಟಗಾದರೆ ಮತ್ತೆ ಕೂಡಬಹುದು ಎಂದೇ ಆಪರೇಷನ್ನಿಗೆ ಹೂಂ ಅಂದಿದ್ದಳು. ಮೊದಲೇ ಗೊತ್ತಿದ್ದರೂ ಬಹುಶಃ ಒಪ್ಪುತ್ತಿದ್ದಳು, ನೋವು ಹಾಗಿತ್ತು. ಆದರೆ ಅದನ್ನು ತೂಗಿ ನೋಡಬೇಕಾದವಳು ಅವಳು. ಇಂಪ್ಲಾಂಟ್ ರೇಟು ಬಾಯಿಪಾಠ ಮಾಡಿದ್ದ ನಾನಲ್ಲ.

ಈಗ ಗ್ಯಾಸ್ ಕಟ್ಟೆಯ ಮುಂದೆ ನಿಂತು ಬಡಿಯುತ್ತಾಳೆ. ನಿಂತರೆ ಕೈಗೆ ಬಲ ಬರಲ್ಲ, ರೊಟ್ಟಿ ದಪ್ಪ ಆಗ್ತಾವ ಅಂತ ಗೊಣಗುತ್ತಾಳೆ.

ಎಡಗಾಲಿನ ಪಾಳಿ ದೀಪಾವಳಿ ಆದ ಮೇಲೆ. ಡಾಕ್ಟರನ್ನು ಕೇಳಬೇಕಾದ್ದನ್ನೆಲ್ಲ ಮೊಮ್ಮಗಳ ಕೈಯಲ್ಲಿ ಹಳೇ ನೋಟ್‌ಬುಕ್ಕಿನಲ್ಲಿ ಬರೆಸುತ್ತಿದ್ದಾಳೆ. ನಿನ್ನೆ ಕದ್ದು ನೋಡಿದೆ. ಮೊದಲನೇ ಪ್ರಶ್ನೆ: "ಚಾ ಎಷ್ಟ ಗಂಟಿ ತನಾ ಕುಡೀಬೋದ್ರಿ?"