ನೀರ್ ಸಾಬ್ ಮತ್ತು ನಮ್ಮೂರ ಸುಟ್ಟ ಮೋಟಾರು

ಹೋದ ತಿಂಗಳು ಊರಿಗೆ ಹೋದಾಗ ನಮ್ಮ ಓಣಿಯಲ್ಲಿ ನಾಲ್ಕು ದಿನದಿಂದ ನೀರಿರಲಿಲ್ಲ. ಬೋರಿನ ಮೋಟಾರು ಸುಟ್ಟಿತ್ತು. ರಾಯಚೂರು ಜಿಲ್ಲೆಯ ಬಿಸಿಲು ಗೊತ್ತಲ್ವಾ? ಆ ಬಿಸಿಲಲ್ಲಿ ಹೆಣ್ಣುಮಕ್ಕಳು ಕೊಡ ಹೊತ್ತು ಯಾರ್ಯಾರದೋ ಹೊಲದ ಬೋರಿಗೆ ಹೋಗಿ ಬರುತ್ತಿದ್ದರು. ನಮ್ಮ ವಾರ್ಡಿನ ಪಂಚಾಯ್ತಿ ಮೆಂಬರ್ ನನಗೆ ವರಸೆಯಲ್ಲಿ ಚಿಗವ್ವ. ಇನ್ನೂ ಯಾಕೆ ರಿಪೇರಿ ಆಗಿಲ್ಲ ಅಂತ ಸ್ವಲ್ಪ ಜೋರಾಗಿಯೇ ಕೇಳಿಬಿಟ್ಟೆ.

"ಮೋಟಾರು ಸುಟ್ಟರ ಮಂದಿ ನನ್ನ ಮನಿ ಬಾಗಲಿಗೆ ಬರ್ತಾರವ್ವ. ಅದನ್ನ ಮಾಡಸಾಕ ನಾ ಎಷ್ಟು ಮಂದಿ ಬಾಗಲಿಗೆ ಹೋಗಬೇಕು, ನಿನಗ ಗೊತ್ತೈತೇನು?" ಅಂದಳು.

ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಮಾತು ತಲೆಯಿಂದ ಹೋಗಿಲ್ಲ. ಅದರ ಜೊತೆಗೇ ಅಬ್ದುಲ್ ನಜೀರ್ ಸಾಬ್ ನೆನಪಾಗುತ್ತಿದ್ದಾರೆ.

ಚಿಕ್ಕವರಿಗೆ ಅವರು ಗೊತ್ತಿರಲಿಕ್ಕಿಲ್ಲ. ಗುಂಡ್ಲುಪೇಟೆ ಕಡೆಯವರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದಾಗ ಗ್ರಾಮೀಣಾಭಿವೃದ್ಧಿ, ಪಂಚಾಯತ್ ರಾಜ್ ಖಾತೆ ಹಿಡಿದರು. ಆಗ ಬರದ ಮೇಲೆ ಬರ. ಊರೂರಿಗೆ ಬೋರ್ ಹೊಡೆಸಿ ಕೈಪಂಪು ಹಾಕಿಸಿದರು. ಜನ ಅವರ ಹೆಸರನ್ನೇ ಬದಲಾಯಿಸಿ 'ನೀರ್ ಸಾಬ್' ಅಂದರು.

ಕೈಪಂಪು ಅಂದರೆ ಏನು ಅಂತ ನಮ್ಮ ಅಜ್ಜಿಯ ಕಾಲು ನೋಡಿದವರಿಗೆ ಗೊತ್ತು. ಮೀನಗಂಡದ ಕೆಳಗೆ ಉದ್ದದ ಕಲೆ ಇತ್ತು. ನಾರುಹುಣ್ಣಿನ ಕಲೆ. ಆಗ ನಮ್ಮ ಕಡೆ ಕುಡಿಯುವ ನೀರು ಅಂದರೆ ಮೆಟ್ಟಿಲು ಬಾವಿ. ಜನ ಇಳಿದು, ನೀರಲ್ಲಿ ಕಾಲಿಟ್ಟು ಕೊಡ ತುಂಬಿಕೊಳ್ಳಬೇಕು. ಹುಣ್ಣಿದ್ದವರ ಕಾಲಿನಿಂದ ಹುಳದ ಮರಿಗಳು ನೀರಿಗೆ ಸೇರುತ್ತಿದ್ದವು. ಅದೇ ನೀರು ಕುಡಿದವರಿಗೆ ಸುಮಾರು ಒಂದು ವರ್ಷಕ್ಕೆ ಕಾಲಲ್ಲಿ ಬೊಬ್ಬೆ ಎದ್ದು, ದಾರದಂಥ ಹುಳ ಹೊರಗೆ ಬರುತ್ತಿತ್ತು. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ತುಂಡಾದರೆ ಕಥೆ ಮುಗಿಯಿತು, ಕಾಲು ಊದಿ ಕೀವಾಗುತ್ತಿತ್ತು. ಬಿತ್ತನೆ ಹೊತ್ತಲ್ಲಿ ಮನೆಮಂದಿಯೆಲ್ಲ ಕಾಲು ಹಿಡಿದು ಕೂತ ವರ್ಷಗಳಿದ್ದವು ಅಂತ ಅಜ್ಜಿ ಹೇಳುತ್ತಿದ್ದಳು. ಇದಕ್ಕೆ ಲಸಿಕೆಯೂ ಇಲ್ಲ, ಹುಳ ಸಾಯಿಸುವ ಮಾತ್ರೆಯೂ ಇಲ್ಲ. ಇದ್ದ ಔಷಧ ಒಂದೇ, ಯಾರ ಕಾಲೂ ತಾಗದ ನೀರು. 2000ನೇ ಇಸವಿಯಲ್ಲಿ ಭಾರತದಲ್ಲಿ ನಾರುಹುಣ್ಣು ಪೂರ್ತಿ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಆರೋಗ್ಯ ಇಲಾಖೆಯವರು ಬಾವಿ ಬಾವಿಗೆ ಅಲೆದು ದುಡಿದಿದ್ದಾರೆ. ಆದರೆ ನಮ್ಮ ಅಜ್ಜಿಗೆ ಗೊತ್ತಿದ್ದದ್ದು ಗುಡಿ ಮುಂದಿನ ಬೋರಿಂಗು ಮಾತ್ರ. ಬೇಸಿಗೆಯಲ್ಲಿ ಅದಕ್ಕೆ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದಳು.

ನೀರು ಎಲ್ಲರಿಗೂ ನೆನಪಿದೆ. ನಜೀರ್ ಸಾಬ್ ಮಾಡಿದ ಇನ್ನೊಂದು ಕೆಲಸವನ್ನು ನಾವು ಮರೆತೆವು ಅನ್ನುವುದೇ ನನ್ನ ಸಂಕಟ. 1983ರ ಪಂಚಾಯತ್ ಕಾಯ್ದೆಗೆ ಬೆನ್ನೆಲುಬಾಗಿ ನಿಂತವರು ಅವರೇ. ಅದರಂತೆ 1987ರಲ್ಲಿ ಜಿಲ್ಲಾ ಪರಿಷತ್ತು (ಈಗಿನ ಜಿಲ್ಲಾ ಪಂಚಾಯ್ತಿಯಂಥದ್ದು), ಕೆಲವು ಊರು ಸೇರಿಸಿ ಮಾಡಿದ ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ಆಯಿತು. ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸೀಟು. ದೇಶದ ಪಂಚಾಯ್ತಿಗಳಿಗೆ ಚುನಾವಣೆ, ಹೆಣ್ಣುಮಕ್ಕಳ ಮೀಸಲಾತಿ ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ, ಅದಕ್ಕೂ ಆರು ವರ್ಷ ಮೊದಲಿನ ಮಾತಿದು! ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟರು. ಅವರ ಕೈಕೆಳಗೆ ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದದ್ದು ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಜನ ಆರಿಸಿದವರ ಮಾತು ಮೇಲೆ, ಆಫೀಸಿನ ಮಾತು ಆಮೇಲೆ. ಒಬ್ಬ ಮಂತ್ರಿ ತನ್ನ ಅಧಿಕಾರವನ್ನು ತಾನೇ ಕೆಳಗೆ ಹಂಚಿದ್ದು ಎಷ್ಟು ಅಪರೂಪ ಯೋಚನೆ ಮಾಡಿ. 1988ರಲ್ಲಿ ಅವರು ತೀರಿಕೊಂಡರು.

ನನಗೆ ಅನ್ನಿಸುವುದು, ಅವರಿಗೆ ಇವೆರಡೂ ಒಂದೇ ಕೆಲಸವಾಗಿದ್ದವು. ಬೋರ್ ಹೊಡೆಸುವುದು ಒಂದು ದಿನದ ಕೆಲಸ. ಅದು ಕೆಟ್ಟಾಗ ಮಾಡಿಸುವ ಅಧಿಕಾರ ಅದೇ ಊರಲ್ಲಿ ಇರಬೇಕು.

ಈಗ ನೋಡಿ. ಜಲ ಜೀವನ್ ಮಿಷನ್ನಿನಲ್ಲಿ ಮನೆಮನೆಗೆ ನಲ್ಲಿ ಬಂತು, ತಲೆಗೆ ದಿನಕ್ಕೆ 55 ಲೀಟರ್ ಅನ್ನುವ ಲೆಕ್ಕವೂ ಇದೆ. ಒಳ್ಳೆಯದೇ. ಪೈಪು ಹಾಕಿದ ಗುತ್ತಿಗೆದಾರ ಹೋದ ಮೇಲೆ ನೀರುಗಂಟಿಯ ಸಂಬಳ, ಕರೆಂಟ್ ಬಿಲ್ಲು, ಸುಟ್ಟ ಮೋಟಾರು ಎಲ್ಲ ಪಂಚಾಯ್ತಿ ತಲೆ ಮೇಲೆ. ಆದರೆ ನಮ್ಮೂರ ಮೋಟಾರಿಗೆ ಎಂಜಿನಿಯರ್ ಬರಬೇಕು, ಎಸ್ಟಿಮೇಟ್ ಆಗಬೇಕು, ಮೇಲಿಂದ ಸಹಿ ಆಗಬೇಕು. ಮೇಲೆ ಕೇಳುವವರು ಯಾರು? ತಾಲ್ಲೂಕು, ಜಿಲ್ಲಾ ಪಂಚಾಯ್ತಿಗೆ ಚುನಾವಣೆ ಆದದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ನಡೆಸಿದರು. ಆ ಹೊತ್ತಲ್ಲಿ ಬಿಜೆಪಿ ಸರ್ಕಾರವೂ ಇತ್ತು, ಕಾಂಗ್ರೆಸ್ ಸರ್ಕಾರವೂ ಬಂತು. ವಿಧಾನಸಭೆ ಚುನಾವಣೆ ಐದು ವರ್ಷ ತಡವಾದರೆ ನಾವು ಸುಮ್ನೆ ಇರುತ್ತಿದ್ದೆವಾ?

ಪಂಚಾಯ್ತಿಗೆ ಅಧಿಕಾರ ಕೊಟ್ಟರೆ ತಿಂದು ಹಾಕುತ್ತಾರೆ ಅಂತ ನನ್ನ ಗೆಳೆಯರೇ ಹೇಳುತ್ತಾರೆ. ತಿನ್ನುವವರು ಇದ್ದಾರೆ. ಮೆಂಬರ್ ಸೀಟನ್ನು ಹರಾಜು ಹಾಕಿದ ಸುದ್ದಿ ಓದಿದಾಗ ನನಗೂ ಹೊಟ್ಟೆ ಉರಿದಿದೆ. ಹೆಂಡತಿ ಗೆದ್ದ ಕುರ್ಚಿಯಲ್ಲಿ ಗಂಡ ಕೂರುವುದನ್ನೂ ಕಂಡಿದ್ದೇನೆ. ಆದರೆ ನಮ್ಮ ಚಿಗವ್ವ ತಪ್ಪು ಮಾಡಿದರೆ ಸಂಜೆ ನೀರಿನ ಟ್ಯಾಂಕ್ ಹತ್ತಿರ ನಾಲ್ಕು ಜನ ತಡೆದು ಕೇಳುತ್ತಾರೆ. ಜಿಲ್ಲಾ ಕಚೇರಿಯ ಫೈಲನ್ನು ಯಾರು ತಡೆದು ಕೇಳುತ್ತಾರೆ? ಆಕೆ ಓದಿದ್ದು ಏಳನೇ ಕ್ಲಾಸು. ಯಾವ ಓಣಿಯ ನಲ್ಲಿಗೆ ನೀರು ಏರುವುದಿಲ್ಲ, ಯಾವ ಬೋರಿನ ನೀರು ಸೌಳು, ಯಾರ ಮನೆ ಮುಂದೆ ಚರಂಡಿ ಕಟ್ಟಿಕೊಂಡಿದೆ, ಎಲ್ಲ ಬಾಯಿಪಾಠ. ಆ ತಿಳಿವಳಿಕೆಗೆ ಒಂದು ಮೋಟಾರು ಕೊಳ್ಳುವಷ್ಟು ಅಧಿಕಾರವೂ ಇಲ್ಲದ್ದು ನನಗೆ ತುಂಬಾ ನೋವಿನ ವಿಷಯ.

ನಮ್ಮ ತಪ್ಪೂ ಜಾಸ್ತಿಯೇ ಇದೆ. ಹೋದ ಸಲದ ಗ್ರಾಮಸಭೆಗೆ ನಮ್ಮ ಓಣಿಯಿಂದ ಹೋದವರು ಮೂರೇ ಜನ. ಅವರಲ್ಲಿ ಇಬ್ಬರು ಮನೆ ಪಟ್ಟಿಯಲ್ಲಿ ಹೆಸರು ನೋಡಲು ಹೋದವರು.

ಆರನೇ ದಿನಕ್ಕೆ ಮೋಟಾರು ಬಂತು, ನೀರೂ ಬಂತು. ರಾತ್ರಿ ಅವ್ವ ಫೋನ್ ಮಾಡಿದ್ದಳು. ಮುಂದಿನ ವಾರ್ಡ್ ಸಭೆಗೆ ಅವಳೂ ಪಕ್ಕದ ಮನೆಯವರೂ ಹೋಗುತ್ತಾರಂತೆ. ಒಂದು ಸ್ಪೇರ್ ಮೋಟಾರು ಯಾವಾಗಲೂ ಪಂಚಾಯ್ತಿಯಲ್ಲೇ ಇರಬೇಕು ಅಂತ ಠರಾವು ಬರೆಸುತ್ತಾರಂತೆ. ತಾರೀಖು ಗೊತ್ತಾದ ಕೂಡಲೇ ಹೇಳು, ರಜೆ ಹಾಕಿ ಬರ್ತೀನಿ ಅಂದಿದ್ದೇನೆ.