ಏನೂ ಮಾಡ್ಬೇಡಿ, ಸುಮ್ನಿರಿ

ದ್ವೀಪಕ್ಕೆ ಹೋಗೋದು ಸುಮ್ನಿರೋಕೆ ಅಂತ ಹೊರಡುವ ಮುಂಚೆ ಎಲ್ಲರೂ ಹೇಳುತ್ತಾರೆ. ನಾವೂ ಹಾಗೇ ಹೇಳಿಕೊಂಡು ಹೊರಟವರು. ಸಮುದ್ರ ನೋಡುತ್ತ ಕೂರೋದು, ನಿದ್ದೆ ಬಂದರೆ ಮಲಗೋದು, ಅಷ್ಟೇ. ಆದರೆ ಮೊದಲ ರಾತ್ರಿಯೇ ನನ್ನ ಹೆಂಡತಿ ಒಂದು ಪಟ್ಟಿ ಬರೆದಳು. ಬೆಳಿಗ್ಗೆ 5ಕ್ಕೆ ಸೂರ್ಯೋದಯ, 7ಕ್ಕೆ ಸ್ನಾರ್ಕೆಲಿಂಗ್, 10ಕ್ಕೆ ಲೈಟ್‌ಹೌಸ್, ಮಧ್ಯಾಹ್ನ ಪ್ಯಾರಾಸೇಲಿಂಗ್, ಸಂಜೆ ಸೂರ್ಯಾಸ್ತ. ಆಫೀಸಿಗೆ ಹೋಗುವ ದಿನವೂ ನಾನು 7ಕ್ಕೆ ಮೊದಲು ಎದ್ದವನಲ್ಲ.

ಸೂರ್ಯಾಸ್ತ ಮೊದಲ ದಿನವೇ ಕೈಕೊಟ್ಟಿತು. ಗುಡ್ಡ ಹತ್ತಿ ಹೋಗುವಷ್ಟರಲ್ಲಿ ಒಂದು ನಾಲ್ಕು ನಿಮಿಷ ತಡವಾಯಿತು, ಪರವಾಗಿಲ್ಲ ಸೂರ್ಯ ಇನ್ನೂ ಇರುತ್ತಾನೆ ಅಂದುಕೊಂಡೆವು. ಇರಲಿಲ್ಲ. ಸಮಭಾಜಕ ವೃತ್ತದ ಆಸುಪಾಸಿನಲ್ಲಿ ಸೂರ್ಯ ಓರೆಯಾಗಿ ಜಾರುತ್ತ ಹೋಗುವುದಿಲ್ಲ, ಹಗ್ಗ ತುಂಡಾದ ಕೊಡ ಬಾವಿಗೆ ಬಿದ್ದ ಹಾಗೆ ನೆಟ್ಟಗೆ ಇಳಿದುಬಿಡುತ್ತಾನೆ. ಅರ್ಧ ಗಂಟೆಯೊಳಗೆ ಕತ್ತಲು. ನಾವು ನೋಡಿದ್ದು ಸೂರ್ಯಾಸ್ತ ನೋಡಿ ಇಳಿದು ಬರುತ್ತಿದ್ದವರ ಮುಖಗಳನ್ನು.

ಮರುದಿನ ಸ್ನಾರ್ಕೆಲಿಂಗ್, ಅಂದರೆ ನೀರಿನ ಮೇಲೆ ಬೋರಲು ತೇಲುತ್ತ ಕೆಳಗೆ ನೋಡೋದು. ಕನ್ನಡಕದಂಥ ಮಾಸ್ಕು, ಬಾಯಲ್ಲಿ ಕಚ್ಚಿಕೊಳ್ಳೋಕೆ ಒಂದು ಕೊಳವೆ. ಮಾಸ್ಕಿನ ಗಾಜಿಗೆ ಮಂಜು ಕಟ್ಟದಿರಲಿ ಅಂತ ಒಳಗೆ ಉಗುಳಿ ಉಜ್ಜಿಕೊಳ್ಳಬೇಕು, ಇದನ್ನು ಜಾಹೀರಾತಿನಲ್ಲಿ ಯಾರೂ ತೋರಿಸುವುದಿಲ್ಲ. ಕಲಿಸಲು ಬಂದ ಹುಡುಗನಿಗೆ ನಮ್ಮ ಭಾಷೆ ಬಾರದು, ನಮಗೆ ಅವನದು. ಅವನು ಎರಡೂ ಅಂಗೈ ಕೆಳಗೆ ಮಾಡಿ, ಅಳುವ ಮಗುವನ್ನು ತಟ್ಟಿ ಮಲಗಿಸುವ ಹಾಗೆ ಗಾಳಿಯನ್ನು ಮೆಲ್ಲಗೆ ತಟ್ಟಿ ತೋರಿಸಿದ. ಏನೂ ಮಾಡ್ಬೇಡಿ, ಸುಮ್ನಿರಿ. ಪಾಠ ಅಷ್ಟೇ.

ಅದೇ ಆಗಲಿಲ್ಲ ನೋಡಿ. ಲೈಫ್ ಜಾಕೆಟ್ ಹಾಕಿದ್ದಾರೆ, ಉಪ್ಪುನೀರು ತಾನೇ ಎತ್ತಿ ಹಿಡಿದಿದೆ, ಮುಳುಗು ಅಂದರೂ ಮುಳುಗುವ ಹಾಗಿಲ್ಲ. ಆದರೂ ನಾನು ಕೈಕಾಲು ಬಡಿಯುತ್ತಲೇ ಇದ್ದೆ, ಬಡಿದಷ್ಟೂ ಕೊಳವೆಗೆ ನೀರು ನುಗ್ಗಿತು, ನುಗ್ಗಿದಷ್ಟೂ ಇನ್ನೂ ಜಾಸ್ತಿ ಬಡಿದೆ. ಮೂಗು ಮುಚ್ಚಿ ಬಾಯಲ್ಲಿ ಉಸಿರಾಡುವುದು ನೆಗಡಿ ಬಂದಾಗ ತಾನಾಗೇ ಬರುತ್ತದೆ, ಸಮುದ್ರದಲ್ಲಿ ಮಾತ್ರ ಮರೆತೇ ಹೋಗುತ್ತದೆ.

ಮಗ ನೀರಿಗಿಳಿಯುವ ಮುಂಚೆ ಒಂದು ಪ್ರಶ್ನೆ ಕೇಳಿದ್ದ. ಈ ಕೊಳವೆ ಯಾಕೆ ಮೊಳದುದ್ದಕ್ಕೇ ನಿಂತಿದೆ, ಉದ್ದ ಮಾಡಿದರೆ ತಳದವರೆಗೂ ಹೋಗಬಹುದಲ್ವಾ? ಆಗ ನನಗೆ ಉತ್ತರ ಗೊತ್ತಿರಲಿಲ್ಲ, "ನಿನ್ನ ಕೆಲಸ ನೋಡು" ಅಂದೆ. ಆಮೇಲೆ ತಿಳಿಯಿತು. ಒಂದು ಮೀಟರ್ ಕೆಳಗೆ ಹೋದರೂ ಸಾಕು, ನೀರಿನ ಒತ್ತಡಕ್ಕೆ ಎದುರಾಗಿ ಎದೆ ಹಿಗ್ಗಿಸಿ ಮೇಲಿನ ಗಾಳಿ ಎಳೆದುಕೊಳ್ಳುವುದು ಬಲು ಕಷ್ಟ. ಜೊತೆಗೆ ಬಿಟ್ಟ ಉಸಿರು ಕೊಳವೆಯಲ್ಲೇ ನಿಂತು, ಅದನ್ನೇ ಮತ್ತೆ ಎಳೆದುಕೊಳ್ಳಬೇಕು.

ಹತ್ತು ನಿಮಿಷ ಒದ್ದಾಡಿ ಸುಸ್ತಾಗಿ ನಿಲ್ಲಿಸಿದೆ. ಧೈರ್ಯ ಬಂದು ಅಲ್ಲ, ಶಕ್ತಿ ಮುಗಿದು. ಆಗ ಕಂಡಿತು. ಕೆಳಗೆ ಹವಳದ ದಿಬ್ಬ, ಅದರ ಸಂದುಗಳಲ್ಲಿ ಹಳದಿ, ನೀಲಿ ಮೀನುಗಳು, ಯಾವುದಕ್ಕೂ ನಮ್ಮ ಕಡೆ ಗಮನವೇ ಇಲ್ಲ. ಎಲ್ಲೋ ಕರಕರ ಸದ್ದು. ಗಿಳಿಮೀನು, ಕೊಕ್ಕಿನಂಥ ಹಲ್ಲಿಂದ ಹವಳ ಕೆರೆಯುತ್ತಿತ್ತು. ಮೇಲಿನ ಪಾಚಿಗಾಗಿ ಕಲ್ಲನ್ನೂ ಸೇರಿಸಿ ತಿಂದು, ಅದನ್ನು ಅರೆದು ಹಿಂದಿನಿಂದ ಮರಳಾಗಿ ಬಿಡುತ್ತದೆ. ದೊಡ್ಡ ಗಿಳಿಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಹಾಕುತ್ತದಂತೆ. ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ಇವುಗಳ ಪಾಲು ಸಣ್ಣದಲ್ಲ. ಇದನ್ನು ಹೇಳಿದ ಮೇಲೆ ನನ್ನ ಹೆಂಡತಿ ಮರಳಲ್ಲಿ ಮಲಗಿ ಫೋಟೋ ತೆಗೆಸಿಕೊಳ್ಳೋದು ಬಿಟ್ಟಳು.

ಹವಳದ ಮೇಲೆ ಮಾತ್ರ ಯಾರೂ ಕಾಲಿಡಬಾರದು. ನೋಡೋಕೆ ಕಲ್ಲು, ನಿಜಕ್ಕೂ ಅದು ಪ್ರಾಣಿ. ಗುಂಡು ಹವಳಗಳು ಬೆಳೆಯೋದು ವರ್ಷಕ್ಕೆ 1 ಸೆಂಟಿಮೀಟರ್ ಆಸುಪಾಸು. ನನ್ನಂಥವನು ಗಾಬರಿಯಲ್ಲಿ ಒಮ್ಮೆ ಕಾಲೂರಿದರೆ ಎಷ್ಟೋ ವರ್ಷದ ಬೆಳೆ ಹಾಳು.

ದಡಕ್ಕೆ ಬಂದು ಮಗ ಮೀನು ಇಷ್ಟುದ್ದ ಇತ್ತು ಅಂತ ಮೊಣಕೈ ತೋರಿಸಿದ. ಬೈಯಲಿಲ್ಲ. ಮಾಸ್ಕಿನ ಗಾಜಿಂದ ನೋಡಿದರೆ ನೀರಿನೊಳಗಿನದೆಲ್ಲ ಸುಮಾರು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತದೆ. ಅಷ್ಟು ಕಳೆದುಕೊಂಡು ನಂಬಿದರಾಯಿತು.

ಪ್ಯಾರಾಸೇಲಿಂಗ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ದೋಣಿ ಎಳೆಯಿತು, ಛತ್ರಿ ಮೇಲೆದ್ದಿತು, ಅಲ್ಲೂ "ಏನೂ ಮಾಡ್ಬೇಡಿ" ಅಂತಲೇ ಸನ್ನೆ. ಮೇಲೆ ಎಂಥ ಮೌನ ಅಂದರೆ ನನ್ನ ಹಲ್ಲು ಕಟಕಟ ಅನ್ನೋದು ನನಗೇ ಕೇಳಿಸಿತು.

ಮಗನಿಗೆ ಬಂಜಿ ಜಂಪಿಂಗ್ ಬೇಕಿತ್ತು, ಕಾಲಿಗೆ ಹಗ್ಗ ಕಟ್ಟಿಕೊಂಡು ಎತ್ತರದಿಂದ ಹಾರೋದು. ಆ ದ್ವೀಪದಲ್ಲಿ ಇರಲಿಲ್ಲ, ಪುಣ್ಯ. ಅದರ ಮೂಲವೂ ಒಂದು ದ್ವೀಪವೇ. ಪೆಸಿಫಿಕ್ ಸಾಗರದ ವನುವಾಟು ದೇಶದ ಪೆಂಟಕೋಸ್ಟ್ ದ್ವೀಪದ ಗಂಡಸರು ಮರದ ಅಟ್ಟ ಕಟ್ಟಿ, ಕಾಲಿಗೆ ಬಳ್ಳಿ ಕಟ್ಟಿಕೊಂಡು ನೆಲಕ್ಕೇ ಹಾರುತ್ತಾರೆ. ಅದರಿಂದ ಉಮೇದು ಬಂದು ಇಂಗ್ಲೆಂಡಿನ ಕೆಲವರು 1979ರ ಏಪ್ರಿಲ್ 1ರಂದು ಬ್ರಿಸ್ಟಲ್‌ನ ಸೇತುವೆಯಿಂದ ರಬ್ಬರ್ ಹಗ್ಗ ಕಟ್ಟಿಕೊಂಡು ಹಾರಿದರು. ತಾರೀಖು ಸರಿಯಾಗೇ ಆರಿಸಿದ್ದಾರೆ.

ಕೊನೆಗೆ ಸ್ಕೂಬಾ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯೋದು. ಮೊದಲ ಕೆಲವು ಮೀಟರಲ್ಲೇ ಕಿವಿ ಸಿಡಿಯುವ ಹಾಗಾಗುತ್ತದೆ, ಮೂಗು ಹಿಡಿದು ಮೆಲ್ಲಗೆ ಊದಿದರೆ ಪಟ್ ಅಂತ ಸರಿಹೋಗುತ್ತದೆ. ತಳದಲ್ಲಿ ಒಂದು ಆಮೆ ಬಂತು. ಏನು ಗಾಂಭೀರ್ಯ ಅದರದು! ಖುಷಿ ತಡೆಯಲಾರದೆ ಗೈಡಿಗೆ ಹೆಬ್ಬೆರಳು ಎತ್ತಿ ತೋರಿಸಿದೆ. ಅವನು ತಕ್ಷಣ ನನ್ನ ತೋಳು ಹಿಡಿದು ನಿಧಾನವಾಗಿ ಮೇಲಕ್ಕೆ ಕರೆದುಕೊಂಡು ಬಂದ. ನೀರಿನೊಳಗೆ ಹೆಬ್ಬೆರಳು ಎತ್ತಿದರೆ "ಸೂಪರ್" ಅಲ್ಲ, "ಮೇಲೆ ಹೋಗೋಣ" ಅಂತ. ಚೆನ್ನಾಗಿದ್ದೇನೆ ಅನ್ನೋಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಮೊದಲೇ ಹೇಳಿಕೊಟ್ಟಿದ್ದರು, ಆಗ ನಾನು ಮಾಸ್ಕಿಗೆ ಉಗುಳುತ್ತಿದ್ದೆ. ಮತ್ತೆ ಇಳಿಯುವಷ್ಟರಲ್ಲಿ ಆಮೆ ಹೋಗಿತ್ತು.

ಸ್ಕೂಬಾ ಮಾಡಿದವರು ಕೂಡಲೇ ವಿಮಾನ ಹತ್ತುವ ಹಾಗಿಲ್ಲ. ರಕ್ತದಲ್ಲಿ ಕರಗಿದ ನೈಟ್ರೋಜನ್ ಹೊರಗೆ ಹೋಗಲು ಸಮಯ ಬೇಕು, ಒಂದು ಸಲ ಮುಳುಗಿದ್ದರೆ ಕಡಿಮೆ ಅಂದರೂ 12 ಗಂಟೆ, ಹಲವು ಸಲ ಆದರೆ 18. ಹಾಗಾಗಿ ಕೊನೆಯ ದಿನ ಪಟ್ಟಿಯಲ್ಲಿ ಏನೂ ಇರಲಿಲ್ಲ. ಅಂತೂ ಸುಮ್ನಿರುವ ದಿನ ಬಂತು. ಮರದ ನೆರಳಲ್ಲಿ ಮೂರೂ ಜನ ಕುಳಿತೆವು. ಅಲೆ ಬಂತು, ಹೋಯಿತು. ಇನ್ನೊಂದು ಬಂತು.

"ರೀ," ಅಂದಳು ಹೆಂಡತಿ, "ಟೈಮೆಷ್ಟು?"

"ಒಂಬತ್ತೂ ಹತ್ತು."

"ಆ ಕಡೆ ಕಯಾಕ್ ಬಾಡಿಗೆಗೆ ಸಿಗುತ್ತಂತೆ."

ನಾನು ಆಗಲೇ ಚಪ್ಪಲಿ ಹುಡುಕುತ್ತಿದ್ದೆ.